ಫ್ರಾಕ್ಸ್: ಹಿರಿಯರ ಸೊಂಟದ ಮೂಳೆ ಮುರಿತದ ಅಪಾಯವನ್ನು ಅಳೆಯುವ ಜಾಲತಾಣ

ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2008ರಿಂದ ಬಳಕೆಯಲ್ಲಿರುವ ಫ್ರಾಕ್ಸ್, 40ರಿಂದ 90 ವರ್ಷದವರಿಗೆ ಮುಂದಿನ 10 ವರ್ಷಗಳಲ್ಲಿ ಮೂಳೆ ಮುರಿಯುವ ಸಂಭವವನ್ನು ಶೇಕಡಾವಾರು ಲೆಕ್ಕದಲ್ಲಿ ತಿಳಿಸುತ್ತದೆ. ಬೆನ್ನು, ಮುಂಗೈ, ಭುಜ ಮತ್ತು ಸೊಂಟ ಸೇರಿದ ಅಂದಾಜು ಒಂದಾದರೆ, ಸೊಂಟದ್ದು ಮಾತ್ರ ಇನ್ನೊಂದು. ನನ್ನ ತಾಯಿಯವರ ವಿವರಗಳನ್ನು ತುಂಬಿ ನೋಡಿದ್ದೇನೆ. ವಯಸ್ಸಾದ ತಂದೆತಾಯಿ ಇರುವ ಪ್ರತಿಯೊಂದು ಮನೆಯವರೂ ಇದನ್ನು ಒಮ್ಮೆ ಬಳಸಬೇಕೆಂಬುದು ನನ್ನ ಅಭಿಪ್ರಾಯ.

ವಯಸ್ಸು, ಲಿಂಗ, ತೂಕ, ಎತ್ತರ, ಹಿಂದೆ ಆಗಿರುವ ಮುರಿತ, ಧೂಮಪಾನ, ಮದ್ಯಪಾನ, ಸ್ಟೀರಾಯ್ಡ್ ಮಾತ್ರೆ, ರುಮಟಾಯ್ಡ್ ಸಂಧಿವಾತ ಇತ್ಯಾದಿಗಳಷ್ಟನ್ನೇ ಅದು ಕೇಳುತ್ತದೆ. ಮೂಳೆ ಸಾಂದ್ರತೆಯ ಸ್ಕ್ಯಾನ್ ವರದಿ ಇದ್ದರೆ ಸೇರಿಸಬಹುದು, ಇಲ್ಲದಿದ್ದರೂ ಲೆಕ್ಕ ಸಿಗುತ್ತದೆ. ಸ್ಕ್ಯಾನ್ ಮಾಡಿಸಲು ದೂರದ ನಗರಕ್ಕೆ ಹೋಗಬೇಕಾದವರಿಗೆ ಇದು ದೊಡ್ಡ ಅನುಕೂಲ. ನಾನು ತಡೆದು ನಿಂತದ್ದು ತಂದೆ ಅಥವಾ ತಾಯಿಗೆ ಸೊಂಟದ ಮೂಳೆ ಮುರಿದಿತ್ತೇ ಎಂಬ ಪ್ರಶ್ನೆಯ ಬಳಿ. ಅಜ್ಜಿ ಹಿತ್ತಿಲಲ್ಲಿ ಜಾರಿಬಿದ್ದು ಹಾಸಿಗೆ ಹಿಡಿದವರು ಮತ್ತೆ ಏಳಲಿಲ್ಲ. ಎಕ್ಸ್‌ರೇ ತೆಗೆಸಿದವರೇ ಇರಲಿಲ್ಲ. ನಮ್ಮಲ್ಲಿ ಇಂತಹ ಎಷ್ಟೋ ಮುರಿತಗಳು ಯಾವ ದಾಖಲೆಗೂ ಸೇರದೆ ಹೋಗಿವೆ. 'ಹೌದು' ಎಂದು ಗುರುತಿಸಿದಾಗ ಸೊಂಟದ ಅಂಕಿ ಏರಿತು.

ದೇಶವನ್ನು ಆರಿಸುವಾಗ ಭಾರತವನ್ನೇ ಆರಿಸಬೇಕು. ಆಯಾ ದೇಶದ ಮುರಿತದ ಪ್ರಮಾಣ ಮತ್ತು ಮರಣ ಪ್ರಮಾಣ ಎರಡನ್ನೂ ಆಧರಿಸಿ ಲೆಕ್ಕ ನಡೆಯುವುದರಿಂದ, ಅದೇ ವಿವರಗಳಿಗೆ ಸ್ವೀಡನ್ನಿನ ಉತ್ತರ ಬಹಳ ಹೆಚ್ಚಾಗಿ ಬರುತ್ತದೆ. ಈ ಪ್ರಮಾಣಗಳು ಕಾಲಕ್ಕೆ ತಕ್ಕಂತೆಯೂ ಬದಲಾಗುತ್ತವೆ. ಅಮೆರಿಕದ ಒಂದು ಪಟ್ಟಣದ ಜನರ ಆರೋಗ್ಯವನ್ನು ದಶಕಗಳ ಕಾಲ ಗಮನಿಸಿದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ 1970ರಿಂದ 2010ರವರೆಗೆ, ವಯಸ್ಸಿನ ವ್ಯತ್ಯಾಸವನ್ನು ಸರಿಹೊಂದಿಸಿ ನೋಡಿದಾಗ, ಸೊಂಟದ ಮುರಿತ ವರ್ಷಕ್ಕೆ ಸುಮಾರು ಶೇ. 4.4ರಂತೆ ಇಳಿದಿತ್ತು, ಧೂಮಪಾನ ಮತ್ತು ಅತಿಯಾದ ಮದ್ಯಪಾನ ತಗ್ಗಿದ್ದು ಇದಕ್ಕೆ ಕಾರಣವಾಗಿರಬಹುದೆಂದು ಸಂಶೋಧಕರು ಹೇಳಿದರು. ಆದರೆ ಪ್ರಮಾಣ ಇಳಿದರೂ ವೃದ್ಧರ ಸಂಖ್ಯೆ ಬೆಳೆಯುತ್ತಲೇ ಇದೆ. 1990ರಲ್ಲಿ ಜಗತ್ತಿನಾದ್ಯಂತ ಸುಮಾರು 16.6 ಲಕ್ಷವಿದ್ದ ಇಂತಹ ಮುರಿತಗಳು 2050ರ ವೇಳೆಗೆ 62.6 ಲಕ್ಷ ತಲುಪಬಹುದೆಂದು 1992ರಲ್ಲೇ ಅಂದಾಜಿಸಲಾಗಿತ್ತು, ಅದರಲ್ಲಿ ಏಷ್ಯಾದ ಪಾಲು ದೊಡ್ಡದು.

ಮೂಲ ಫ್ರಾಕ್ಸ್‌ನ ದೊಡ್ಡ ಕೊರತೆಯೆಂದರೆ ಅದು ಬೀಳುವುದರ ಬಗ್ಗೆ ಏನನ್ನೂ ಕೇಳುವುದಿಲ್ಲ. ಹಿರಿಯರ ಸೊಂಟ ಮುರಿಯುವುದು ಬಹುಪಾಲು ನಿಂತ ಎತ್ತರದಿಂದ ಬಿದ್ದಾಗ. ರಾತ್ರಿ ಮೂತ್ರಕ್ಕೆಂದು ಏಳುವ, ಒದ್ದೆ ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಏನೂ ಸಿಗದ, ಪೊರೆ ಬಂದ ಕಣ್ಣಿನ ಅಪಾಯ ಈ ಲೆಕ್ಕದಲ್ಲಿಲ್ಲ. ಟೈಪ್ 2 ಮಧುಮೇಹವೂ ಇಲ್ಲ. ಮನೆಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ನಮ್ಮಂಥವರಿಗೆ ಇದು ಸಣ್ಣ ಲೋಪವಲ್ಲ. ನಂತರ ಬಂದ ಫ್ರಾಕ್ಸ್‌ಪ್ಲಸ್‌ನಲ್ಲಿ ಈ ಎರಡನ್ನೂ ಸೇರಿಸಿ ಅಂಕಿಯನ್ನು ತಿದ್ದಲು ಅವಕಾಶವಿದೆ.

ಸೊಂಟದ ಅಂಕಿ ಶೇ. 3 ಮುಟ್ಟಿದರೆ ಔಷಧವನ್ನು ಪರಿಗಣಿಸಬೇಕೆಂಬ ಮಾತು ಅಂತರಜಾಲದಲ್ಲಿ ಎಲ್ಲೆಡೆ ಕಾಣುತ್ತದೆ. ಆದರೆ ಅದು ಮೂಳೆ ಸಾಂದ್ರತೆ ತಗ್ಗಿರುವವರಿಗಾಗಿ, ಅಮೆರಿಕದ ವೆಚ್ಚದ ಲೆಕ್ಕಾಚಾರವನ್ನು ಆಧರಿಸಿ ಹಾಕಿದ ಗೆರೆ. ಬಂದ ಉತ್ತರವನ್ನು ಮುದ್ರಿಸಿಕೊಂಡು, ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಬಿದ್ದಿದ್ದಾರೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆದು ಮೂಳೆ ವೈದ್ಯರಿಗೆ ತೋರಿಸಿ.