ಪೋರ್ಟೊದಲ್ಲಿ ನದಿ ಪಕ್ಕದ ಮನೆ ಬುಕ್ ಮಾಡುವ ಮೊದಲು ಇದನ್ನು ಓದಿ

ವಯಸ್ಸಾದವರನ್ನು ಕರೆದುಕೊಂಡು ಪೋರ್ಚುಗಲ್‌ನ ಪೋರ್ಟೊಗೆ ಹೋಗುವ ಪ್ಲಾನ್ ಇದ್ದರೆ ಇದನ್ನು ಪೂರ್ತಿ ಓದಿ. ಊರಿನ ಬಗ್ಗೆ ನನಗೆ ಒಂದು ತಕರಾರೂ ಇಲ್ಲ. ಊರು ಚೆಂದ, ಜನ ಒಳ್ಳೆಯವರು. ತಕರಾರು ಇರುವುದು ನಮಗೆ ಮನೆ ಬಾಡಿಗೆಗೆ ಕೊಟ್ಟ ಪುಣ್ಯಾತ್ಮನ ಮೇಲೆ.

ನಾವಿರುವುದು ನೆದರ್ಲೆಂಡ್ಸ್‌ನಲ್ಲಿ. ಹಾಸನದಿಂದ ಅತ್ತೆ, ಮಾವ ಬಂದಿದ್ದರು. ಷೆಂಗೆನ್ ವೀಸಾ ಇದ್ದೇ ಇದೆ, ಒಂದು ವಾರಾಂತ್ಯ ಪೋರ್ಟೊ ನೋಡಿಕೊಂಡು ಬರೋಣ ಅಂತ ಹೊರಟೆವು. ಅತ್ತೆಗೆ ಮಂಡಿ ನೋವು. ಓಡಾಟ ಕಮ್ಮಿ ಆಗಲಿ ಅಂತಲೇ ಡೌರೊ ನದಿಯ ದಂಡೆಯಲ್ಲಿರುವ ರಿಬೈರಾದಲ್ಲಿ, ಲಿಫ್ಟ್ ಇರುವ ಅಪಾರ್ಟ್‌ಮೆಂಟ್ ಹುಡುಕಿ, ಮುಂಚೆಯೇ ಪೂರ್ತಿ ದುಡ್ಡು ಕಟ್ಟಿದ್ದೆವು. 1996ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹಳೇ ಪೇಟೆ ಇದು. ಇಲ್ಲಿ ಲಿಫ್ಟ್ ಇರುವ ಮನೆ ಸಿಗುವುದೇ ಅಪರೂಪ. ಅದಕ್ಕೇ ಬೆಲೆಯೂ ಜಾಸ್ತಿ.

ವಿಮಾನ ಇಳಿದು ಫೋನ್ ಆನ್ ಮಾಡಿದರೆ ಮೆಸೇಜ್ ಬಂದು ಕೂತಿದೆ. ಬಾತ್‌ರೂಮಿನಲ್ಲಿ ಪೈಪ್ ಒಡೆದಿದೆಯಂತೆ. ಚಿಂತೆ ಬೇಡ, ಹತ್ತಿರದಲ್ಲೇ ಇನ್ನೊಂದು ಮನೆ ಇದೆ, ಅದು ಇನ್ನೂ ಚೆನ್ನಾಗಿದೆಯಂತೆ. ಜೊತೆಗೊಂದು ಮ್ಯಾಪ್ ಲಿಂಕ್. ಮ್ಯಾಪ್‌ನಲ್ಲಿ ನೋಡಿದರೆ ನಿಜಕ್ಕೂ ಹತ್ತಿರವೇ, ನದಿಯಿಂದ ನಾಲ್ಕು ಹೆಜ್ಜೆ ಅನ್ನೋ ಹಾಗೆ.

ಆದರೆ ಮ್ಯಾಪ್‌ನಲ್ಲಿ ಎತ್ತರ ಕಾಣುವುದಿಲ್ಲ. ಪೋರ್ಟೊದಲ್ಲಿ ನದಿ ಆಳದಲ್ಲಿದೆ, ಊರು ಕಲ್ಲುಗುಡ್ಡದ ಮೇಲಿದೆ. ಅಲ್ಲಿನ ದೊಂ ಲೂಯಿಸ್ ಸೇತುವೆಗೆ ಎರಡು ಅಂತಸ್ತು. 1886ರಲ್ಲಿ ತೆರೆದದ್ದು. ಕೆಳಗಿನ ಅಂತಸ್ತು ಎರಡು ದಂಡೆಗಳನ್ನು ಸೇರಿಸಿದರೆ, ಮೇಲಿನದು ತುಂಬಾ ಎತ್ತರದಲ್ಲಿ ಗುಡ್ಡದಿಂದ ಗುಡ್ಡಕ್ಕೆ ಹೋಗುತ್ತದೆ, ಅದರ ಮೇಲೆ ಮೆಟ್ರೊ ಓಡುತ್ತದೆ. ಮ್ಯಾಪ್‌ನಲ್ಲಿ ಇವೆರಡೂ ಒಂದೇ ಗೆರೆ.

ನಮಗೆ ಕೊಟ್ಟ ಹೊಸ ಮನೆ ಇದ್ದದ್ದು ನದಿಯಿಂದ ಗುಡ್ಡ ಹತ್ತುವ ಗಿಂಡೈಸ್ ಮೆಟ್ಟಿಲುಗಳ ನಡುಮಧ್ಯೆ. ಅಲ್ಲಿಗೆ ಯಾವ ಗಾಡಿಯೂ ಹೋಗಲ್ಲ. ಟ್ಯಾಕ್ಸಿಯವನು ಸೇತುವೆ ಬುಡದಲ್ಲಿ ಇಳಿಸಿ, ಮೇಲಕ್ಕೆ ಕೈ ತೋರಿಸಿ ಹೋದ. ನವೆಂಬರ್ ಮಳೆ. ಕಲ್ಲಿನ ಮೆಟ್ಟಿಲು ಜಾರುತ್ತಿತ್ತು. ಪಕ್ಕದಲ್ಲೇ ಫ್ಯುನಿಕ್ಯುಲರ್, ಅಂದರೆ ಕೇಬಲ್ ಎಳೆದು ಗುಡ್ಡ ಹತ್ತಿಸುವ ರೈಲಿನ ಹಳಿ, ಅದರಲ್ಲಿ ಜನ ಆರಾಮಾಗಿ ಮೇಲೆ ಹೋಗುತ್ತಿದ್ದಾರೆ! ಆದರೆ ಅದು ನಿಲ್ಲುವುದು ಬುಡದಲ್ಲಿ, ಆಮೇಲೆ ತುದಿಯ ಬಟಾಲ್ಯಾದಲ್ಲಿ ಮಾತ್ರ. ಮೇಲೆ ಹೋಗಿ ಅಲ್ಲಿಂದ ಇಳಿದು ಬರಬಹುದಲ್ವಾ ಅಂತ ಕೇಳುವವರಿಗೆ ಹೇಳ್ತೀನಿ, ಮಂಡಿ ಸವೆದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅತ್ತೆ ಅಲ್ಲಲ್ಲಿ ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡು, "ನೀವು ಹೋಗಿ ನೋಡ್ಕೊಂಡು ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದರು. ಮಾವ ಎರಡೂ ಸೂಟ್‌ಕೇಸ್ ಹಿಡಿದು ಏನೂ ಮಾತಾಡದೆ ನಿಂತಿದ್ದರು. ಅವರು ಸುಮ್ಮನಿದ್ದಾರೆ ಅಂದರೆ ಸಿಟ್ಟು ಬಂದಿದೆ ಅಂತ ಅರ್ಥ.

ಮನೆಯ ಬಗ್ಗೆ ಜಾಸ್ತಿ ಹೇಳಲ್ಲ. ಬೂಷ್ಟಿನ ವಾಸನೆ, ಎದುರು ಗೋಡೆಗೆ ತೆರೆಯುವ ಒಂದು ಕಿಟಕಿ.

ಅಸಲಿ ಆಟ ಶುರುವಾದದ್ದು ಆಮೇಲೆ. "ಹಳೇ ಬುಕಿಂಗ್ ನೀವೇ ಕ್ಯಾನ್ಸಲ್ ಮಾಡಿಬಿಡಿ, ಈ ಮನೆಯ ಬಾಡಿಗೆ ಕ್ಯಾಶ್ ಕೊಡಿ, ಡಿಸ್ಕೌಂಟ್ ಮಾಡ್ತೀನಿ" ಅಂತ ಆತನಿಂದ ಮತ್ತೊಂದು ಮೆಸೇಜ್. ನಮ್ಮ ಮನೆಯವರು ಸುಸ್ತಾಗಿ, ಆಯ್ತು ಮಾಡಿಬಿಡೋಣ ಅಂದರು. ನಾನು ಫೋನ್ ಕಿತ್ತುಕೊಂಡೆ. ಕೊನೇ ಗಳಿಗೆಯಲ್ಲಿ ನಾವೇ ಕ್ಯಾನ್ಸಲ್ ಮಾಡಿದರೆ ಕಟ್ಟಿದ ದುಡ್ಡು ಹೋಯಿತು ಅಂತಲೇ ಲೆಕ್ಕ. ಕ್ಯಾಶ್ ಕೊಟ್ಟದ್ದಕ್ಕೆ ರಸೀದಿಯೂ ಇರಲ್ಲ. ಪೈಪ್ ಒಡೆದದ್ದು ನಿಜವೇ ಆಗಿದ್ದರೆ ಅವರ ಕಡೆಯಿಂದ ಕ್ಯಾನ್ಸಲ್ ಮಾಡಲಿ. ಏನೇ ಆದರೂ ನೀವಾಗಿ ಆ ಬಟನ್ ಒತ್ತಬೇಡಿ. ಮಾತುಕತೆಯೆಲ್ಲ ಬುಕಿಂಗ್ ಆ್ಯಪ್‌ನ ಒಳಗೇ ಇರಲಿ, ವಾಟ್ಸ್‌ಆ್ಯಪ್‌ಗೆ ಬನ್ನಿ ಅಂದರೆ ಹೋಗಬೇಡಿ.

ಇನ್ನೊಂದು ವಿಷಯ. ಪೋರ್ಚುಗಲ್‌ನಲ್ಲಿ ಪ್ರವಾಸಿಗರಿಗೆ ಹೀಗೆ ಬಾಡಿಗೆಗೆ ಕೊಡುವ ಮನೆಗೆ ನೋಂದಣಿ ನಂಬರ್ ಇರಬೇಕು. ಅಲೊಜಮೆಂಟೊ ಲೊಕಲ್ ಅಂತಾರೆ, ಚಿಕ್ಕದಾಗಿ ಎ.ಎಲ್. ಜಾಹೀರಾತಿನಲ್ಲೂ ಆ ನಂಬರ್ ಹಾಕಬೇಕು. ಮೊದಲ ಮನೆಯದು ನನ್ನ ಹತ್ತಿರ ಇತ್ತು, ಈ ಮನೆಯದು ಏನು ಅಂತ ಕೇಳಿದೆ. ಅಲ್ಲಿವರೆಗೂ ಪಟಪಟ ಅಂತ ಉತ್ತರ ಕೊಡುತ್ತಿದ್ದ ಮನುಷ್ಯ ಗಪ್‌ಚಿಪ್. ದೂರು ಪುಸ್ತಕ ಎಲ್ಲಿ ಅಂತಲೂ ಕೇಳಿದೆ. ಅಲ್ಲಿ ಹೋಟೆಲು, ಅಂಗಡಿ, ಬಾಡಿಗೆ ಮನೆ ಯಾವುದೇ ಇರಲಿ, ದೂರು ಪುಸ್ತಕ ಇಡುವುದು ಕಾನೂನು. ಕೇಳಿದರೆ ಕೊಡಲೇಬೇಕು, ಇಲ್ಲ ಅಂದರೆ ಪೊಲೀಸರನ್ನು ಕರೆಯಬಹುದು. ಆನ್‌ಲೈನ್‌ನಲ್ಲೂ ಬರೆಯಬಹುದು, ನಾವು ಹಾಗೇ ಮಾಡಿದೆವು.

ಆ ರಾತ್ರಿಯೇ ಮೇಲಿನ ಪೇಟೆಯ ಬೊಲ್ಯಾವೊ ಮಾರುಕಟ್ಟೆ ಹತ್ತಿರ ಒಂದು ಹೋಟೆಲ್‌ಗೆ ಹೋದೆವು. ನನ್ನ ಕೇಳಿದರೆ ಮೊದಲೇ ಉಳಿಯಬೇಕಾದ ಜಾಗ ಇದೇ. ಬೊಲ್ಯಾವೊ, ಟ್ರಿಂಡಾಡೆ ಸುತ್ತಮುತ್ತ ಏರುಪೇರು ಕಮ್ಮಿ, ಏರ್‌ಪೋರ್ಟಿನಿಂದ ನೇರಳೆ ಬಣ್ಣದ ಮೆಟ್ರೊ ನೇರ ಬರುತ್ತದೆ. ಮೆಟ್ರೊ ಕಾರ್ಡ್ ಮಾತ್ರ ತಲೆಗೊಂದು ಬೇಕು, ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗುವ ಹಾಗಿಲ್ಲ.

ನದಿ ನೋಡಲು ಮೆಟ್ಟಿಲು ಹತ್ತಿ ಇಳಿಯಲೇಬೇಕು ಅಂತೇನೂ ಇಲ್ಲ. ಸೇತುವೆಯ ಮೇಲಿನ ಅಂತಸ್ತಿನಲ್ಲಿ ನಡೆದು, ಇಲ್ಲವೇ ಮೆಟ್ರೊದಲ್ಲಿ ಆಚೆ ದಡದ ಗಯಾಗೆ ಹೋಗಿ. ಅಲ್ಲಿನ ಪಾರ್ಕಿನ ಪಕ್ಕದಿಂದ ಕೇಬಲ್ ಕಾರ್ ಕೆಳಗೆ ನದಿದಂಡೆಗೆ ಇಳಿಸುತ್ತದೆ. ಹಿಂದೆಲ್ಲ ವೈನ್ ಪೀಪಾಯಿ ಸಾಗಿಸುತ್ತಿದ್ದ ರಬೆಲೊ ದೋಣಿಗಳನ್ನು ನೋಡಿಕೊಂಡು, ಕೆಳಗಿನ ಅಂತಸ್ತಿನಲ್ಲಿ ಈಚೆ ಬಂದು, ಅದೇ ಫ್ಯುನಿಕ್ಯುಲರ್ ಹಿಡಿದರೆ ಬಟಾಲ್ಯಾ. ಮಾರನೇ ದಿನ ಅತ್ತೆ ಇಷ್ಟೂ ಸುತ್ತಿದರು. ಕೇಬಲ್ ಕಾರಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದರು, ಅದು ಬೇರೆ ಮಾತು.

ಸಸ್ಯಾಹಾರಿಗಳಿಗೆ ಒಂದು ಮಾತು. ಕಾಲ್ಡೊ ವೆರ್ಡೆ ಅಂತ ಹಸಿರು ಸೊಪ್ಪಿನ ಸೂಪ್ ಕಾಣುತ್ತದೆ, ಅದರಲ್ಲಿ ಹಂದಿಮಾಂಸದ ಸಾಸೇಜ್ ಬಿಲ್ಲೆ ಹಾಕುತ್ತಾರೆ. ಕೇಳಿಯೇ ಆರ್ಡರ್ ಮಾಡಿ. ಕೂತ ತಕ್ಷಣ ತಂದಿಡುವ ಬ್ರೆಡ್ಡು, ಆಲಿವ್ ಪುಕ್ಕಟೆ ಅಲ್ಲ. ಬೇಡವಾದರೆ ಮುಟ್ಟಬೇಡಿ, ಆಗ ದುಡ್ಡು ಕೊಡಬೇಕಿಲ್ಲ.

ಬುಕಿಂಗ್ ಆ್ಯಪ್‌ನವರು ಸದ್ಯಕ್ಕೆ ಅರ್ಧ ದುಡ್ಡು ವಾಪಸ್ ಹಾಕಿದ್ದಾರೆ. ಉಳಿದರ್ಧಕ್ಕೆ ಮೇಲ್ ಮೇಲೆ ಮೇಲ್ ಹೋಗುತ್ತಿದೆ. ಮೆಟ್ಟಿಲಿನ ಫೋಟೊ, ಬಾಗಿಲಿನ ಫೋಟೊ, ಆ ರಾತ್ರಿಯ ಹೋಟೆಲ್ ಬಿಲ್, ಟ್ಯಾಕ್ಸಿ ಬಿಲ್ ಎಲ್ಲಾ ಕೇಳಿದರು. ನಿಮಗೂ ಹೀಗಾದರೆ ಒಂದನ್ನೂ ಬಿಸಾಡಬೇಡಿ.