ಚೆರ್ನೋಬಿಲ್ ಫೋಟೋ ಟೂರ್‌ಗೆ ಅಡ್ವಾನ್ಸ್ ಕೊಡೋ ಮುಂಚೆ ಇದನ್ನ ಓದಿ

ಹೋದ ವಾರ ನಮ್ಮ ಫೋಟೋಗ್ರಫಿ ಗ್ರೂಪ್‌ಗೆ ಮತ್ತೆ ಒಂದು ಪಿಡಿಎಫ್ ಬಂತು, ಉಕ್ರೇನ್‌ನಲ್ಲಿ ಅಣುಸ್ಥಾವರ ಸಿಡಿದ ಜಾಗ ಚೆರ್ನೋಬಿಲ್ ಓಪನ್ ಆದ ತಕ್ಷಣ ಮೊದಲ ಬ್ಯಾಚ್, 25,000 ಕೊಟ್ಟು ಸೀಟ್ ಹಿಡಿದಿಟ್ಕೊಳ್ಳಿ ಅಂತ. ಕೆಳಗೆ ಆಗ್ಲೇ ಆರೇಳು ಜನ ನಾನೂ ಬರ್ತೀನಿ ಅಂತ ಹಾಕಿದಾರೆ. ಕಳ್ಸಿರೋದು 2019ರ ಅಕ್ಟೋಬರ್‌ನಲ್ಲಿ ನಮ್ಮನ್ನ ಕರ್ಕೊಂಡು ಹೋದ ಅದೇ ಮನುಷ್ಯ, ಅವತ್ತಿನ ನಮ್ಮ ಟೂರ್ ಲೀಡರ್. ಇಷ್ಟು ವರ್ಷ ಸುಮ್ನಿದ್ದೆ, ಇನ್ನು ಸುಮ್ನಿರೋಕೆ ಆಗಲ್ಲ.

ನಾವು 14 ಜನ, ಬೆಂಗಳೂರು ಮೈಸೂರು ಹುಬ್ಬಳ್ಳಿ ಕಡೆಯವರು. ಹೇಳಿದ್ದು ಏನಂದ್ರೆ ಮೂರು ದಿನ ಝೋನ್ (ಸ್ಥಾವರದ ಸುತ್ತ ಪರ್ಮಿಟ್ ಇಲ್ದೆ ಬಿಡದ ಪ್ರದೇಶ) ಒಳಗೆ, ಎರಡು ರಾತ್ರಿ ಚೆರ್ನೋಬಿಲ್ ಊರಲ್ಲೇ ಉಳ್ಕೊಳ್ಳೋದು, ಸ್ಥಾವರದ ಪಕ್ಕ ಖಾಲಿ ಬಿದ್ದಿರೋ ಊರು ಪ್ರಿಪ್ಯಾತ್‌ನ 16 ಅಂತಸ್ತಿನ ಬಿಲ್ಡಿಂಗ್ ಮೇಲಿಂದ ಸನ್‌ರೈಸ್, ಶಾಲೆ ಆಸ್ಪತ್ರೆ ಎಲ್ಲಾದ್ರ ಒಳಗೂ ಶೂಟ್. ಕೀವ್‌ಗೆ ಇಳಿದ ಮೇಲೆ ಗೊತ್ತಾಯ್ತು, ಪರ್ಮಿಟ್ ಇದ್ದಿದ್ದು ಒಂದೇ ದಿನಕ್ಕೆ. ಇನ್ನು ಅಲ್ಲಿನ ಬಿಲ್ಡಿಂಗ್‌ಗಳ ಒಳಗೆ ಹೋಗೋದು ನಿಯಮದ ಪ್ರಕಾರ ನಿಷೇಧ. ಅಂದ್ರೆ ಯಾರೂ ಕೊಡೋಕೆ ಆಗದೇ ಇರೋದನ್ನ ನಮಗೆ ಮಾರಿದ್ದ.

ಝೋನ್ ಒಳಗೆ ಹೋಗೋ ಡಿಟ್ಯಾಟ್ಕಿ ಚೆಕ್‌ಪೋಸ್ಟ್‌ನಲ್ಲಿ ಮೊದಲ ಪೆಟ್ಟು. ಪರ್ಮಿಟ್‌ನಲ್ಲಿರೋ ಪಾಸ್‌ಪೋರ್ಟ್ ನಂಬರೂ ಕೈಯಲ್ಲಿರೋ ಪಾಸ್‌ಪೋರ್ಟೂ ಒಂದೇ ಇರ್ಬೇಕು, ನಮ್ಮಲ್ಲೊಬ್ರು ಮೇಡಂ ಪಾಸ್‌ಪೋರ್ಟ್ ರಿನ್ಯೂ ಮಾಡಿಸಿ ಹೊಸ ನಂಬರ್ ಇವನಿಗೆ ಎರಡು ಸಲ ಮೆಸೇಜ್ ಮಾಡಿದ್ರು, ಇವನು ಹಳೇದನ್ನೇ ಕೊಟ್ಟಿದ್ದ. ಅವರನ್ನ ಒಳಗೆ ಬಿಡ್ಲಿಲ್ಲ. ಅಷ್ಟು ದೂರದಿಂದ ಬಂದು ಅಲ್ಲಿದ್ದ ಅಂಗಡಿ ಪಕ್ಕ ಚಳೀಲಿ ಸಂಜೆ ತನಕ ಒಬ್ರೇ ಕೂತಿದ್ರು, ನಾವೆಲ್ಲ ಬಸ್ ಹತ್ತಿ ಹೋದ್ವಿ. ಅದು ನನಗೆ ಇವತ್ತಿಗೂ ಸರಿ ಅನ್ಸಲ್ಲ, ನಾನಾದ್ರೂ ಇಳೀಬೇಕಿತ್ತು.

ನಮ್ಮ ಜೊತೆ ಬಂದ ಅಲ್ಲಿನ ಗೈಡ್ ಒಬ್ಬ ಒಳ್ಳೆ ಹೆಣ್ಣುಮಗಳು. ಅವರ ತಾಯಿ ಪ್ರಿಪ್ಯಾತ್‌ನಲ್ಲೇ ಶಾಲೆಗೆ ಹೋಗ್ತಿದ್ರಂತೆ. 1986ರ ಏಪ್ರಿಲ್ 26ರ ನಡುರಾತ್ರಿ ದಾಟಿದ ಮೇಲೆ 4ನೇ ರಿಯಾಕ್ಟರ್ ಸಿಡೀತು, ಆದ್ರೆ ಊರವರನ್ನ ಬಸ್ ಹತ್ತಿಸಿದ್ದು ಮಾರನೇ ದಿನ ಮಧ್ಯಾಹ್ನ, ಮೂರು ದಿನಕ್ಕಾಗೋಷ್ಟು ಮಾತ್ರ ತಗೊಳ್ಳಿ ಅಂತ ಹೇಳಿ. ಸುಮಾರು 49,000 ಜನ, ಯಾರೂ ವಾಪಸ್ ಬಂದು ಅಲ್ಲಿ ಸಂಸಾರ ಮಾಡ್ಲಿಲ್ಲ. ಗೈಡ್ ಇದನ್ನ ಹೇಳ್ತಿದ್ರೆ ನಮ್ಮ ಲೀಡರ್ ಹಿಂದಿಂದ ಟೈಮ್ ಆಯ್ತು ಟೈಮ್ ಆಯ್ತು ಅಂತ ಕೂಗ್ತಿದ್ದ.

ಕೋಪಾಚಿ ಅಂತ ಒಂದು ಹಳ್ಳಿ, ಮನೆಗಳನ್ನ ಕೆಡವಿ ಮಣ್ಣಲ್ಲಿ ಹೂತುಬಿಟ್ಟಿದಾರೆ, ಉಳಿದಿರೋದ್ರಲ್ಲಿ ಒಂದು ಶಿಶುವಿಹಾರ. ಮಕ್ಕಳು ಮಲಗ್ತಿದ್ದ ಸಣ್ಣ ಕಬ್ಬಿಣದ ಮಂಚಗಳು ಇನ್ನೂ ಇವೆ. ಅಲ್ಲಿ ಲೀಡರ್ ಬ್ಯಾಗಿಂದ ಒಂದು ಗ್ಯಾಸ್ ಮಾಸ್ಕ್ ತೆಗೆದು, ಅಲ್ಲೇ ಬಿದ್ದಿದ್ದ ಗೊಂಬೆಗೆ ಹಾಕಿ, ಮಂಚದ ಮೇಲೆ ಮಲಗಿಸಿ, ಎಲ್ರೂ ತಗೊಳ್ಳಿ ಅಂದ. ಸಾಲಾಗಿ ನಿಂತು ತಗೊಂಡ್ವಿ. ನಾನೂ ತಗೊಂಡೆ. ಆ ಫೋಟೋ ಸುಳ್ಳು. ಪ್ರಿಪ್ಯಾತ್ ಶಾಲೆಯ ನೆಲದಲ್ಲಿ ರಾಶಿ ಬಿದ್ದಿರೋ ಮಾಸ್ಕ್‌ಗಳೂ ಅಷ್ಟೇ, ಅವು ಯುದ್ಧ ಬಂದ್ರೆ ಅಂತ ಸೋವಿಯತ್ ಕಾಲದಲ್ಲಿ ಕೂಡಿಟ್ಟಿದ್ದ ಸಾಮಾನು, ಅವತ್ತು ಮಕ್ಕಳು ಹಾಕ್ಕೊಂಡು ಓಡಿದ್ದಲ್ಲ.

ಪ್ರಿಪ್ಯಾತ್‌ನಲ್ಲಿ ನಮಗೆ ಸಿಕ್ಕಿದ್ದು ಎರಡು ಗಂಟೆಗೂ ಕಡಿಮೆ. ಗೈಡ್ ಉಳಿದವರಿಗೆ ಜಾಯಿಂಟ್ ವೀಲ್ ತೋರಿಸ್ತಿದ್ದಾಗ ಲೀಡರ್ ನಾಲ್ಕು ಜನರನ್ನ ಶಾಲೆ ಒಳಗೆ ನುಗ್ಗಿಸಿದ, ನೀವು ದುಡ್ಡು ಕೊಟ್ಟಿರೋದೇ ಇದಕ್ಕೆ ಅಂತ. ಮೂವತ್ತು ಚಿಲ್ಲರೆ ವರ್ಷ ಮಳೆ ಹಿಮ ಕುಡಿದ ನೆಲ ಅದು. ಹುಬ್ಬಳ್ಳಿ ಹುಡುಗನ ಕಾಲು ಹಲಗೆ ಸಮೇತ ಒಳಗೆ ಹೋಯ್ತು, ಮೊಣಕಾಲ ಕೆಳಗೆ ಉದ್ದಕ್ಕೆ ಸೀಳಿತು. ಕೊಳೆ ಧೂಳಿನ ಮಧ್ಯೆ ರಕ್ತ ಸುರೀತಿದೆ, ಲೀಡರ್ ಹೇಳ್ತಾನೆ ಗೈಡ್‌ಗೆ ಹೇಳ್ಬೇಡಿ, ಮೆಟ್ಟಿಲಲ್ಲಿ ಜಾರಿದ ಅನ್ನಿ.

ನನ್ನ ತಪ್ಪೂ ಹೇಳ್ತೀನಿ. ನೆಲದ ಮೇಲೆ ಏನೂ ಇಡ್ಬೇಡಿ, ಪಾಚಿ ತುಳೀಬೇಡಿ ಅಂತ ಗೈಡ್ ಬೆಳಿಗ್ಗೇನೇ ಹೇಳಿದ್ರು, ಯಾಕಂದ್ರೆ ರೇಡಿಯೇಷನ್ ಸೂಸೋ ಸೀಸಿಯಂ ಪಾಚೀಲಿ ಜಾಸ್ತಿ ಕೂತಿರತ್ತೆ. ಲೀಡರ್ ಏನೂ ಆಗಲ್ಲ ಅಂದ, ನಾನು ಟ್ರೈಪಾಡ್‌ನ ಪಾಚಿ ಮೇಲೇ ಊರಿದೆ. ಹೊರಗೆ ಬರುವಾಗ ಎರಡೂ ಕೈ ಒತ್ತಿ ನಿಲ್ಲೋ ಒಂದು ಚೌಕಟ್ಟಿನ ಮೆಷೀನ್ ಇರತ್ತೆ, ಹಸಿರು ಬಂದ್ರೆ ಮಾತ್ರ ಬಿಡೋದು. ನನಗೆ ಹಸಿರು ಬರ್ಲಿಲ್ಲ. ಶೂ ತೊಳೆಸಿದ್ರು, ಟ್ರೈಪಾಡ್ ಅಲ್ಲೇ ಬಿಟ್ಟು ಬಂದೆ. ಹುಡುಗನ ಗಾಯ ನೋಡಿ ಪೊಲೀಸ್‌ನವರು ಕೇಳಿದ್ದು ಗೈಡ್‌ನ. ಜವಾಬ್ದಾರಿ ಅವರದ್ದಲ್ವಾ, ಕೆಲಸ ಹೋಗತ್ತೆ ಅಂತ ಆಯಮ್ಮ ಬಸ್ ಹಿಂದೆ ನಿಂತು ಅಳ್ತಿದ್ರು. ಲೀಡರ್ ಫೋನಲ್ಲಿದ್ದ.

ಕೀವ್‌ನಲ್ಲಿ ಹೊಲಿಗೆ ಹಾಕಿಸಿದ ದುಡ್ಡು ಇನ್ಶೂರೆನ್ಸ್‌ನವರು ಕೊಡ್ಲಿಲ್ಲ. ನಿಮ್ಮ ಪಾಲಿಸಿಯ ಸಣ್ಣ ಅಕ್ಷರ ಓದಿ, ರೇಡಿಯೇಷನ್ನಿಂದ ಆಗಿದ್ದು, ಕಾನೂನು ಮೀರಿ ಮಾಡ್ಕೊಂಡಿದ್ದು, ಎರಡಕ್ಕೂ ಕವರ್ ಇರಲ್ಲ ಅಂತ ಸಾಮಾನ್ಯವಾಗಿ ಬರೆದಿರತ್ತೆ.

ಈಗಿನ ಪರಿಸ್ಥಿತಿ ಅಂತೂ ಬೇರೇನೇ. 2022ರ ಫೆಬ್ರವರಿ 24ಕ್ಕೆ ರಷ್ಯಾ ಸೈನ್ಯ ಆ ಝೋನ್ ಮೂಲಕಾನೇ ಒಳಗೆ ಬಂದಿದ್ದು, ಮಾರ್ಚ್ ಕೊನೆ ತನಕ ಅಲ್ಲೇ ಇತ್ತು, ನೆಲಬಾಂಬ್ ಭಯ ಇನ್ನೂ ಇದೆ. 2025ರ ಫೆಬ್ರವರಿ 14ಕ್ಕೆ ಸಿಡಿದ ರಿಯಾಕ್ಟರ್ ಮುಚ್ಚೋಕೆ ಕಟ್ಟಿರೋ ಹೊಸ ಕಮಾನಿಗೇ ಡ್ರೋನ್ ಬಡಿದು ತೂತಾಯ್ತು. ಇಂಥ ಜಾಗಕ್ಕೆ ಇವತ್ತು ಯಾರು ಯಾವ ತಾರೀಖಿನ ಸೀಟ್ ಮಾರ್ತಾರೆ? ಅದು ಆಗ್ಲಿಲ್ಲ ಅಂದ್ರೆ ಜಪಾನ್‌ನಲ್ಲಿ ಅಣುಸ್ಥಾವರ ದುರಂತ ಆದ ಫುಕುಶಿಮಾ ಅಂತಾನೂ ಆ ಪಿಡಿಎಫ್‌ನಲ್ಲಿದೆ. ಅಲ್ಲಿ ಸ್ಥಾವರದ ಪಕ್ಕದ ಊರು ಫುತಾಬಾಗೆ 2022ರಿಂದ ಜನ ವಾಪಸ್ ಬರ್ತಿದಾರೆ, ಖಾಲಿ ಕಾಣೋ ಮನೆಗೂ ಮಾಲೀಕ ಇರ್ತಾನೆ.

ಅಡ್ವಾನ್ಸ್ ಕೊಟ್ಟಿರೋರು ಪರ್ಮಿಟ್ ಯಾರ ಹೆಸರಲ್ಲಿ, ಎಷ್ಟು ದಿನಕ್ಕೆ, ಅಲ್ಲಿನ ಲೈಸೆನ್ಸ್ ಇರೋ ಸಂಸ್ಥೆ ಯಾವುದು ಅಂತ ಮೆಸೇಜ್‌ನಲ್ಲೇ ಕೇಳಿ, ಫೋನಲ್ಲಿ ಬೇಡ. ಉತ್ತರ ಬರ್ದೇ ಇದ್ರೆ ದುಡ್ಡು ವಾಪಸ್ ಕೇಳಿ. ಮತ್ತೆ ಆ ಪಿಡಿಎಫ್‌ನ ಮೊದಲ ಪುಟ ಇನ್ನೊಂದ್ಸಲ ತೆಗೆದು ನೋಡಿ, ಮಂಚದ ಮೇಲೆ ಮಾಸ್ಕ್ ಹಾಕಿ ಮಲಗಿರೋ ಗೊಂಬೆ, ಅವತ್ತು ಅವನು ನಮ್ಮ ಕಣ್ಣೆದುರಿಗೇ ಮಲಗಿಸಿದ್ದು ಅದೇ.