ಹಿಂದಿನ ನಿವಾಸಿಯ ಟಪಾಲಿಗೆ ಒಂದು ರಬ್ಬರ್ ಸೀಲು: ಒಂದು ವರ್ಷ ಬಳಸಿದ ಮೇಲಿನ ವಿಮರ್ಶೆ

ನಾವು ಈ ಮನೆಗೆ ಬಂದು ಹದಿನಾಲ್ಕು ತಿಂಗಳಾದವು. ನಮಗಿಂತ ಮೊದಲು ಇಲ್ಲಿದ್ದವರು ಸಾಮಾನನ್ನೆಲ್ಲ ಸಾಗಿಸಿಕೊಂಡು ಹೋದರೂ ಅವರ ಟಪಾಲು ಮಾತ್ರ ಇನ್ನೂ ಮನೆ ಖಾಲಿ ಮಾಡಿಲ್ಲ. ಮೊದಲ ಎರಡು ತಿಂಗಳು ಪ್ರತಿಯೊಂದು ಲಕೋಟೆಯ ಮೇಲೂ ಪೆನ್ನಿನಲ್ಲಿ ಬರೆದು ಅಂಚೆ ಡಬ್ಬಿಗೆ ಹಾಕುತ್ತಿದ್ದೆ. ಅದು ಬೇಸರವಾದಾಗ, ಈ ಒಂದೇ ಕೆಲಸಕ್ಕೆಂದು, ತಾನೇ ಶಾಯಿ ಹಚ್ಚಿಕೊಳ್ಳುವ ಬಗೆಯ ರಬ್ಬರ್ ಸೀಲೊಂದನ್ನು ಮಾಡಿಸಿಕೊಂಡೆ. ಒಂದು ವರ್ಷ ಅದನ್ನು ಬಳಸಿದ ಮೇಲೆ ಹೇಳುವುದಾದರೆ, ಸೀಲು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ; ಆದರೆ ಆ ಕೆಲಸ ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕದು.

ಅಚ್ಚಿನ ಅಳತೆ 47 × 18 ಮಿಲಿಮೀಟರ್. ಒತ್ತುವ ಮೊದಲು ಅಚ್ಚು ಮೇಲ್ಮುಖವಾಗಿ ಒಳಗಿನ ಇಂಕ್ ಪ್ಯಾಡಿಗೆ ಅಂಟಿಕೊಂಡಿರುತ್ತದೆ, ಒತ್ತಿದಾಗ ಮಗುಚಿಕೊಂಡು ಕಾಗದಕ್ಕೆ ತಾಗುತ್ತದೆ, ಕೈಬಿಟ್ಟರೆ ಸ್ಪ್ರಿಂಗಿನ ಬಲದಿಂದ ಪ್ಯಾಡಿಗೆ ಹಿಂದಿರುಗುತ್ತದೆ. ಬೇರೆ ಪ್ಯಾಡು ಇಟ್ಟುಕೊಳ್ಳುವ ರಗಳೆಯಿಲ್ಲ, ಬೆರಳಿಗೆ ಮಸಿಯಾಗುವುದಿಲ್ಲ. ಒರಟು ಕಾಗದದ ಲಕೋಟೆಯ ಮೇಲೆ ಅಕ್ಷರ ಸ್ಪಷ್ಟವಾಗಿ ಮೂಡುತ್ತದೆ. ನುಣುಪು ಕಾಗದದ ಮೇಲೆ, ಅದಕ್ಕಿಂತಲೂ ವಿಳಾಸ ಕಾಣಲೆಂದು ಹಾಕಿರುವ ಪ್ಲಾಸ್ಟಿಕ್ ಕಿಟಕಿಯ ಮೇಲೆ, ಕತೆಯೇ ಬೇರೆ. ಇಂಥ ಸೀಲುಗಳಲ್ಲಿ ಸಾಮಾನ್ಯವಾಗಿ ಇರುವುದು ನೀರಿನ ಅಂಶದ ಶಾಯಿ. ಅದು ಕಾಗದದೊಳಗೆ ಇಂಗಿ ಒಣಗಬೇಕೇ ಹೊರತು ಮೇಲ್ಮೈಯಲ್ಲಿ ನಿಂತು ಒಣಗುವುದಿಲ್ಲ. ಕಿಟಕಿಯ ಮೇಲೆ ಒತ್ತಿದ ಮೊಹರು ಅಂಚೆ ಡಬ್ಬಿ ಸೇರುವಷ್ಟರಲ್ಲಿ ನನ್ನ ಅಂಗೈಗೆ ಬಂದಿರುತ್ತದೆ. ಈಗ ಕಿಟಕಿಯನ್ನು ಬಿಟ್ಟು ಪಕ್ಕದ ಖಾಲಿ ಜಾಗದಲ್ಲಿ ಒತ್ತಿ, ಕಿಟಕಿಯೊಳಗಿನ ವಿಳಾಸದ ಮೇಲೆ ಅಳಿಸದ ಮಾರ್ಕರಿನಿಂದ ಒಂದು ಗೆರೆ ಎಳೆಯುತ್ತೇನೆ. ಆದರೆ ಕಳುಹಿಸಿದವರ ವಿಳಾಸಕ್ಕೆ ಗೆರೆ ತಾಗಬಾರದು. ಲಕೋಟೆ ಮರಳಿ ಹೋಗಬೇಕಾದದ್ದು ಅಲ್ಲಿಗೇ.

ಸೀಲಿನಲ್ಲಿ ಏನು ಕೆತ್ತಿಸಬೇಕು ಎಂಬುದಕ್ಕೆ ನಾನು ಮೊದಲು ಗಮನ ಕೊಟ್ಟಿರಲಿಲ್ಲ. ಅಂಚೆಯವರ ಪಾಲಿಗೆ ಟಪಾಲು ಹಿಂದಿರುಗುವುದಕ್ಕೆ ಬೇರೆ ಬೇರೆ ಕಾರಣಗಳಿವೆ. 1874ರಲ್ಲಿ ಸ್ಥಾಪನೆಯಾದ ಜಾಗತಿಕ ಅಂಚೆ ಒಕ್ಕೂಟವು ದೇಶದಿಂದ ದೇಶಕ್ಕೆ ಮರಳುವ ಪತ್ರಗಳಿಗೆ ಅಂಟಿಸಲು ‘ಸಿಎನ್ 15’ ಎಂಬ ಚೀಟಿಯನ್ನೇ ಇಟ್ಟುಕೊಂಡಿದೆ. ಆ ವ್ಯಕ್ತಿ ಗೊತ್ತಿಲ್ಲ, ಪತ್ರವನ್ನು ನಿರಾಕರಿಸಿದ್ದಾರೆ, ಮನೆ ಬದಲಿಸಿದ್ದಾರೆ ಎಂಬಂಥ ಕಾರಣಗಳು ಅದರಲ್ಲಿ ಪ್ರತ್ಯೇಕವಾಗಿ ಅಚ್ಚಾಗಿರುತ್ತವೆ. ಈ ಭೇದ ಬರಿಯ ಕಚೇರಿಯ ಶಿಸ್ತಲ್ಲ. ‘ನಿರಾಕರಿಸಲಾಗಿದೆ’ ಎಂದು ಬರೆದರೆ, ಆ ವ್ಯಕ್ತಿ ಇದೇ ಮನೆಯಲ್ಲಿದ್ದುಕೊಂಡು ಬೇಕೆಂದೇ ಪತ್ರ ತೆಗೆದುಕೊಳ್ಳಲಿಲ್ಲ ಎಂದು ಕಳುಹಿಸಿದವರು ತಿಳಿಯಬಹುದು. ಸಾಲ ವಸೂಲಿಯ ಪತ್ರವಾದರಂತೂ ಆ ತಪ್ಪು ತಿಳಿವಳಿಕೆ ಮನೆ ಬಾಗಿಲಿಗೇ ಬಂದು ನಿಲ್ಲಬಹುದು. ನನ್ನ ಸೀಲಿನಲ್ಲಿ ‘ಈ ವಿಳಾಸದಲ್ಲಿ ಈಗ ವಾಸವಿಲ್ಲ. ಕಳುಹಿಸಿದವರಿಗೆ ಹಿಂದಿರುಗಿಸಿ’ ಎಂದಿದೆ. ಅದು ಸಾಕು.

ನನ್ನನ್ನು ಹೆಚ್ಚು ಕಾಡಿದ್ದು ಬಾರ್‌ಕೋಡ್. ಅಚ್ಚುಕಟ್ಟಾಗಿ ಮೊಹರು ಒತ್ತಿ ಕಳುಹಿಸಿದ ಲಕೋಟೆ ನಾಲ್ಕೇ ದಿನಗಳಲ್ಲಿ, ಅದೇ ಮೊಹರನ್ನು ಹೊತ್ತುಕೊಂಡು, ನಮ್ಮ ಬಾಗಿಲಿಗೇ ಮರಳಿ ಬಂದಾಗ ಅಂಚೆಯಣ್ಣನ ಮೇಲೆ ಅನುಮಾನ ಪಟ್ಟಿದ್ದೆ, ತಪ್ಪು ಅವರದಾಗಿರಲಿಲ್ಲ. ಯಂತ್ರದಿಂದ ವಿಂಗಡಣೆ ನಡೆಯುವ ಕಡೆ, ವಿಳಾಸವನ್ನು ಸಂಕೇತವಾಗಿ ಬರೆದ ಗೆರೆಗಳು ಲಕೋಟೆಯ ಮೇಲೆ ಅಚ್ಚಾಗಿರುತ್ತವೆ. ಯಂತ್ರ ಓದುವುದು ಆ ಗೆರೆಗಳನ್ನು, ನನ್ನ ಸೀಲನ್ನಲ್ಲ. ಅವು ಹಾಗೆಯೇ ಉಳಿದರೆ, ಮನುಷ್ಯರ ಕಣ್ಣಿಗೆ ಬೀಳುವ ಮೊದಲೇ ಲಕೋಟೆ ಹಳೆಯ ವಿಳಾಸದ ಚೀಲಕ್ಕೆ ಬಿದ್ದಿರುತ್ತದೆ. ಅಂದಿನಿಂದ ವಿಳಾಸದ ಬಳಿಯ ಬಾರ್‌ಕೋಡನ್ನು ಕಪ್ಪು ಮಾರ್ಕರಿನಿಂದ ಪೂರ್ತಿ ಮುಚ್ಚುತ್ತಿದ್ದೇನೆ, ಮತ್ತು ಆದಷ್ಟು ಡಬ್ಬಿಗೆ ಹಾಕುವ ಬದಲು ಅಂಚೆಯಣ್ಣನ ಕೈಗೇ ಕೊಡುತ್ತೇನೆ. ಸೀಲಿಗಿಂತ ಈ ಮಾರ್ಕರೇ ಹೆಚ್ಚು ಉಪಯೋಗಕ್ಕೆ ಬಂತು ಎಂದರೆ ಸೀಲು ಮಾಡಿಕೊಟ್ಟವರು ಬೇಸರಿಸಬಾರದು.

ಜಾಹೀರಾತಿನ ಟಪಾಲಿಗೆ ಮೊಹರು ಒತ್ತುವುದನ್ನು ನಿಲ್ಲಿಸಿದ್ದೇನೆ. ಕಡಿಮೆ ದರದಲ್ಲಿ ರಾಶಿಯಾಗಿ ಕಳುಹಿಸುವ ಇಂಥ ಟಪಾಲಿನ ಶುಲ್ಕದಲ್ಲಿ ಹಿಂದಿರುಗಿಸುವ ಸೇವೆ ಅನೇಕ ಕಡೆ ಸೇರಿರುವುದಿಲ್ಲ. ಕಳುಹಿಸಿದವರು ಅದನ್ನು ಪ್ರತ್ಯೇಕವಾಗಿ ಕೇಳಿಕೊಂಡಿರದಿದ್ದರೆ ಅಂಚೆ ಕಚೇರಿ ಅದನ್ನು ವಿಲೇವಾರಿ ಮಾಡಿಬಿಡುತ್ತದೆ. ಹೆಸರಿನ ಮುಂದೆ ‘ಅಥವಾ ಈಗಿನ ನಿವಾಸಿ’ ಎಂದು ಬರೆದಿದ್ದರಂತೂ ಅದು ನನಗೇ ಬಂದ ಟಪಾಲು. ಕೊರಿಯರ್ ಲಕೋಟೆಯನ್ನು ಅಂಚೆ ಡಬ್ಬಿಗೆ ಹಾಕಿದರೆ ಪ್ರಯೋಜನವಿಲ್ಲ, ತಂದವರಿಗೇ ಮರಳಿಸಬೇಕು. ಸಹಿ ಕೇಳುವ ಟಪಾಲಿಗೆ ಸಹಿ ಹಾಕಲೇಬಾರದು. ಸಹಿ ಬಿದ್ದ ಗಳಿಗೆಯಿಂದ ಅದು ತಲುಪಿದಂತೆ ದಾಖಲಾಗುತ್ತದೆ.

ಒಡೆದು ನೋಡಿದರೆ ಕಳುಹಿಸಿದವರ ದೂರವಾಣಿ ಸಂಖ್ಯೆ ಸಿಗುತ್ತದಲ್ಲ ಎಂಬ ಯೋಚನೆ ನನಗೂ ಬಂದಿತ್ತು. ಅಮೆರಿಕದ ಕಾನೂನಿನಲ್ಲಿ, ಹೆಸರಿದ್ದವರಿಗೆ ತಲುಪುವ ಮೊದಲೇ ಟಪಾಲನ್ನು ತಡೆಯುವ ಅಥವಾ ಗುಟ್ಟು ತಿಳಿಯುವ ಉದ್ದೇಶದಿಂದ ತೆಗೆದುಕೊಂಡರೆ ಐದು ವರ್ಷದವರೆಗೆ ಸೆರೆವಾಸವಿದೆ. ಬ್ರಿಟನ್ನಿನ 2000ದ ಅಂಚೆ ಸೇವೆಗಳ ಕಾಯ್ದೆಯ ಪ್ರಕಾರ, ತಪ್ಪಾಗಿ ಬಂದದ್ದೆಂದು ಗೊತ್ತಿದ್ದೂ, ಸಕಾರಣವಿಲ್ಲದೆ, ಇನ್ನೊಬ್ಬರಿಗೆ ಹಾನಿ ಮಾಡುವ ಉದ್ದೇಶದಿಂದ ಒಡೆಯುವುದು ಅಪರಾಧ. ಒಂದೊಂದು ದೇಶದ್ದು ಒಂದೊಂದು ಬಗೆ. ಲಕೋಟೆಯನ್ನು ಒಡೆಯದೆ ಇರುವುದಕ್ಕೆ ಮಾತ್ರ ಎಲ್ಲಿಯೂ ಅಡ್ಡಿಯಿಲ್ಲ. ಕಳುಹಿಸಿದವರ ವಿಳಾಸ ಲಕೋಟೆಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಸೀಲು ಪೂರ್ತಿ ಸೋತದ್ದು ಒಂದು ಬ್ಯಾಂಕಿನ ಮುಂದೆ. ಪ್ರತಿ ತಿಂಗಳೂ ತಪ್ಪದೆ ಬರುತ್ತಿದ್ದ ಅದರ ಲಕೋಟೆಯನ್ನು ಎಂಟು ಬಾರಿ ಹಿಂದಿರುಗಿಸಿದೆ, ಒಂಬತ್ತನೆಯದೂ ಬಂತು. ಮರಳಿದ ಲಕೋಟೆ ಅವರ ಕಚೇರಿಯ ಯಾವುದೋ ಮೂಲೆಗೆ ಸೇರಬಹುದು, ಆದರೆ ವಿಳಾಸಗಳ ಪಟ್ಟಿಯಲ್ಲಿ ಅದನ್ನು ಯಾರಾದರೂ ತಿದ್ದದ ಹೊರತು ಮುಂದಿನ ತಿಂಗಳ ಅಚ್ಚಿಗೆ ಅದೇ ವಿಳಾಸವೇ ಹೋಗುತ್ತದೆ. ಕೊನೆಗೆ ಫೋನ್ ಮಾಡಿದೆ. ಗ್ರಾಹಕರಲ್ಲದವರೊಂದಿಗೆ ಖಾತೆಯ ವಿಷಯ ಮಾತನಾಡುವಂತಿಲ್ಲ ಎಂದರು, ಅದು ಸರಿಯೇ. ನನಗೆ ಏನನ್ನೂ ತಿಳಿಸಬೇಕಾಗಿಲ್ಲ, ನಾನು ಹೇಳುವುದನ್ನು ಬರೆದುಕೊಂಡರೆ ಸಾಕು ಎಂದ ಮೇಲೆ ವಿಳಾಸವನ್ನು ಕೇಳಿ, ಹಿಂದಿನವರು ಯಾವಾಗಿನಿಂದ ಇಲ್ಲಿ ಇಲ್ಲವೆಂದು ವಿಚಾರಿಸಿ ದಾಖಲಿಸಿಕೊಂಡರು. ಹತ್ತನೆಯ ಲಕೋಟೆ ಬರಲಿಲ್ಲ.

ಹೀಗಾಗಿ ವಾರಕ್ಕೆ ಎರಡು ಮೂರು ಲಕೋಟೆ ಬರುವ ಮನೆಗೆ ಈ ಸೀಲು ತಕ್ಕದ್ದು, ತಿಂಗಳಿಗೊಂದು ಬರುವವರಿಗೆ ಪೆನ್ನೇ ಸಾಕು. ಕೈಬರಹದ ವಿಳಾಸವಿದ್ದ ಒಂದೇ ಒಂದು ಕಾಗದ ಈ ಅವಧಿಯಲ್ಲಿ ಬಂತು. ಅದರ ಮೇಲೆ ಮೊಹರು ಒತ್ತಲು ಮನಸ್ಸಾಗದೆ ‘ಅವರು ಮನೆ ಬದಲಿಸಿದ್ದಾರೆ’ ಎಂದು ಕೈಯಲ್ಲೇ ಬರೆದು ಕಳುಹಿಸಿದೆ. ಇನ್ನೊಮ್ಮೆ ಸೀಲು ಮಾಡಿಸುವುದಾದರೆ ಅಕ್ಷರಗಳನ್ನು ಸ್ವಲ್ಪ ಚಿಕ್ಕದಾಗಿಸಿ, ಕೆಳಗೆ ‘ಈ ತಿಂಗಳಿನಿಂದ’ ಎಂದು ತುಂಬಿಸಲು ಒಂದು ಖಾಲಿ ಗೆರೆ ಬಿಡಿಸುತ್ತೇನೆ. ಬ್ಯಾಂಕಿನವರು ಎಲ್ಲಕ್ಕಿಂತ ಮೊದಲು ಬರೆದುಕೊಂಡದ್ದು ಅದನ್ನೇ.